ನಾರ್ಮಲ್ ಅಂದ ಸ್ಕ್ಯಾನ್, ನಿಲ್ಲದ ಫಿಟ್ಸ್: ಒಂದು ಪ್ರಕರಣ ಅಧ್ಯಯನ

ಅವನಿಗೆ 24 ವರ್ಷ. ಫಿಟ್ಸ್ ಶುರುವಾಗಿದ್ದು 9ನೇ ವಯಸ್ಸಿನಲ್ಲಿ. ನಡುವಿನ 15 ವರ್ಷಗಳಲ್ಲಿ ಆರು ಬಗೆಯ ಮಾತ್ರೆ, ಎರಡು ಎಂಆರ್‌ಐ, ಲೆಕ್ಕಕ್ಕೆ ಸಿಗದಷ್ಟು ಇಇಜಿ (ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ) ಆಗಿಹೋಗಿದ್ದವು. ಆದರೂ ರಾತ್ರಿಗೆ ಮೂರು ನಾಲ್ಕು ಸಲ ಫಿಟ್ಸ್ ಬರುತ್ತಲೇ ಇತ್ತು.

ಮೊದಲೇ ಹೇಳಿಬಿಡುತ್ತೇನೆ, ಇದು ಯಾವುದೋ ಒಬ್ಬ ವ್ಯಕ್ತಿಯ ಫೈಲ್ ಅಲ್ಲ. ಔಷಧಿಗೆ ಜಗ್ಗದ ಅಪಸ್ಮಾರದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನೆಲ್ಲ ಒಬ್ಬ ಕಲ್ಪಿತ ಯುವಕನ ಮೇಲೆ ಕೂರಿಸಿ ಕಟ್ಟಿದ ಪ್ರಕರಣ. ಯುವಕ ಕಲ್ಪನೆ. ಅವನ ಮಿದುಳಿನಲ್ಲಿ ನಡೆಯುವುದು, ಪರೀಕ್ಷೆಗಳು ತೋರಿಸುವುದು, ತೋರಿಸದೇ ಇರುವುದು ಯಾವುದೂ ಕಲ್ಪನೆ ಅಲ್ಲ.

ಫಿಟ್ಸ್ ಹೇಗಿರುತ್ತಿತ್ತು?

ಫಿಟ್ಸ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ದೊಪ್ಪನೆ ಬೀಳುವುದು, ಬಾಯಲ್ಲಿ ನೊರೆ, ಎಚ್ಚರ ತಪ್ಪುವುದು. ಇವನದ್ದು ಹಾಗಿರಲಿಲ್ಲ. ನಿದ್ದೆಯಲ್ಲಿರುವಾಗ ಎಡಗೈ ಭಾರ ಆಗುತ್ತಿತ್ತು. ಒಳಗಿನಿಂದ ಯಾರೋ ಎಳೆದ ಹಾಗೆ ಅನ್ನುತ್ತಿದ್ದ. ಮರುಕ್ಷಣ ಎಡಗೈ ಸೆಟೆದು ಪಕ್ಕಕ್ಕೆ ಚಾಚುತ್ತಿತ್ತು, ಬಲಗೈ ಮಡಚಿಕೊಳ್ಳುತ್ತಿತ್ತು, ತಲೆ ಎಡಕ್ಕೆ ತಿರುಗುತ್ತಿತ್ತು. ಗಂಟಲಿನಿಂದ ಒಂದು ನರಳಾಟ. ಕಾಲುಗಳು ಹಾಸಿಗೆಯನ್ನು ಒದೆಯುತ್ತಿದ್ದವು. 20, 25 ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತಿತ್ತು. ಆಮೇಲೆ ಎದ್ದು ಕೂತು, 'ಮತ್ತೆ ಬಂತು' ಅನ್ನುತ್ತಿದ್ದ.

ಅವನ ಎಚ್ಚರ ತಪ್ಪುತ್ತಲೇ ಇರಲಿಲ್ಲ. ಇದೇ ಅವನಿಗೆ ಮುಳುವಾಯಿತು.

ಎರಡೂ ಕೈ, ಎರಡೂ ಕಾಲು ಆಡುತ್ತಿರುವಾಗ ಎಚ್ಚರ ಉಳಿದಿದೆ ಅಂದರೆ ಅದು ನಿಜವಾದ ಫಿಟ್ಸ್ ಅಲ್ಲ, ಮನಸ್ಸಿನಿಂದ ಬಂದದ್ದು ಅನ್ನುವ ಅನುಮಾನ ಬೇಗ ಮೂಡುತ್ತದೆ. ಹಗಲಿನಲ್ಲಿ ಅರ್ಧ ಗಂಟೆ ಮಾಡಿದ ಇಇಜಿ ಸರಿಯಾಗಿದ್ದರಂತೂ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. 13ನೇ ವಯಸ್ಸಿನಲ್ಲಿ ಇವನಿಗೂ ಅದೇ ಹಣೆಪಟ್ಟಿ ಬಿತ್ತು. ಎರಡು ವರ್ಷ ಮಾತ್ರೆ ನಿಲ್ಲಿಸಿದರು. ಅದಕ್ಕೂ ಮುಂಚೆ ಯಾರೋ ಇದನ್ನು ದುಃಸ್ವಪ್ನ ಅಂದಿದ್ದರು.

ಕೊನೆಗೆ ದಾರಿ ತೋರಿಸಿದ್ದು ಅಕ್ಕನ ಮೊಬೈಲ್. ಒಂದು ತಿಂಗಳಲ್ಲಿ ಒಂಬತ್ತು ವಿಡಿಯೊ ಮಾಡಿದ್ದಳು. ಒಂದಾದ ಮೇಲೆ ಒಂದು ಹಾಕಿ ನೋಡಿದರೆ ಒಂಬತ್ತೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿದ್ದವು. ಅದೇ ಕೈ, ಅದೇ ತಿರುವು, ಅದೇ ನರಳಾಟ, ಹೆಚ್ಚು ಕಡಿಮೆ ಅಷ್ಟೇ ಸೆಕೆಂಡು. ದುಃಸ್ವಪ್ನ ಹೀಗೆ ತನ್ನನ್ನು ತಾನೇ ನಕಲು ಮಾಡುವುದಿಲ್ಲ. ಮನಸ್ಸಿನಿಂದ ಬರುವ ಅಟ್ಯಾಕ್‌ಗಳು ಸಾಮಾನ್ಯವಾಗಿ ನಿಮಿಷಗಟ್ಟಲೆ ಇರುತ್ತವೆ, ಗಾಢ ನಿದ್ದೆಯೊಳಗಿಂದ ಏಳುವುದಿಲ್ಲ. ನಿದ್ದೆಯಲ್ಲಿ ಬರುವ, ಚಿಕ್ಕದಾದ, ಪ್ರತಿ ಸಲವೂ ಒಂದೇ ಥರ ಇರುವ ಅಟ್ಯಾಕ್ ಅಂದರೆ ಮಿದುಳಿನ ಮುಂಭಾಗದ ಕಡೆ ನೋಡಬೇಕು.

ಎಡಗೈಯನ್ನು ನಡೆಸುವುದು ಬಲ ಮಿದುಳು. ಹಣೆಯ ಹಿಂದಿನ ಭಾಗದಲ್ಲಿ, ಎರಡು ಅರ್ಧಗೋಳಗಳು ಎದುರುಬದುರಾಗುವ ಒಳಮೈಯಲ್ಲಿ, ಸಪ್ಲಿಮೆಂಟರಿ ಮೋಟಾರ್ ಏರಿಯಾ ಅನ್ನುವ ಜಾಗ ಇದೆ. ಅಲ್ಲಿ ಕಿಡಿ ಹೊತ್ತಿದರೆ ಎದುರು ಬದಿಯ ಕೈ ಹೀಗೆ ಸೆಟೆದು ಚಾಚಿಕೊಳ್ಳುತ್ತದೆ. ಅಂದರೆ ಒಂದೂ ಸ್ಕ್ಯಾನ್ ನೋಡದೆಯೇ, ಫಿಟ್ಸ್‌ನ ಚಹರೆಯಿಂದಲೇ, ಹುಡುಕಬೇಕಾದ ಜಾಗ ಬಲ ಮುಂಭಾಗದ ಒಳಮೈ ಅಥವಾ ಅದರ ಅಕ್ಕಪಕ್ಕ ಅಂತ ಹೇಳಬಹುದಿತ್ತು. ಇದೇನೂ ಹೊಸ ವಿದ್ಯೆ ಅಲ್ಲ. 1886ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಹಾರ್ಸ್ಲಿ ಅಪಸ್ಮಾರಕ್ಕೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿದಾಗ ಎಕ್ಸ್-ರೇ ಕೂಡ ಇರಲಿಲ್ಲ. ಅದು ಬಂದದ್ದು 1895ರಲ್ಲಿ. ಹಾರ್ಸ್ಲಿ ಕೈಯಲ್ಲಿದ್ದದ್ದು ತಲೆಯ ಹಳೆಯ ಗಾಯದ ಗುರುತು, ಜೊತೆಗೆ ಫಿಟ್ಸ್ ದೇಹದ ಯಾವ ಭಾಗದಲ್ಲಿ ಶುರುವಾಗುತ್ತದೆ ಅನ್ನುವ ವಿವರ, ಅಷ್ಟೇ.

ಮಾತ್ರೆಗಳ ಲೆಕ್ಕ

ಕಾರ್ಬಮಜೆಪಿನ್‌ನಿಂದ ಶುರು. ಸ್ವಲ್ಪ ಕಡಿಮೆ ಆಯಿತು, ನಿಲ್ಲಲಿಲ್ಲ. ಆಮೇಲೆ ವಾಲ್‌ಪ್ರೊಯೇಟ್. ಆಮೇಲೆ ಲೆವೆಟಿರಾಸಿಟಮ್, ಅದರಲ್ಲಿ ಸಿಟ್ಟು ಜಾಸ್ತಿಯಾಗಿ ಮನೆಯವರಿಗೆ ಫಿಟ್ಸ್‌ಗಿಂತ ಮಾತ್ರೆಯೇ ಕಷ್ಟ ಅನ್ನಿಸಿತ್ತು. ಲ್ಯಾಮೊಟ್ರಿಜಿನ್, ಕ್ಲೊಬಜಾಮ್, ಲ್ಯಾಕೊಸಮೈಡ್ ಕೂಡ ಬಂದು ಹೋದವು. 24ನೇ ವಯಸ್ಸಿಗೆ ಮೂರು ಮಾತ್ರೆ ಒಟ್ಟಿಗೆ ನುಂಗುತ್ತಿದ್ದ, ದಿನವೆಲ್ಲ ಮಂಪರು.

ಎಷ್ಟು ಮಾತ್ರೆ ಸೋತ ಮೇಲೆ ಔಷಧಿಗೆ ಜಗ್ಗದ ಅಪಸ್ಮಾರ ಅನ್ನಬೇಕು? ಅಪಸ್ಮಾರ ತಜ್ಞರ ಅಂತರರಾಷ್ಟ್ರೀಯ ಸಂಘ 2010ರಲ್ಲಿ ಕೊಟ್ಟ ಉತ್ತರ: ಎರಡು. ರೋಗಿಗೆ ಹೊಂದುವ, ಸರಿಯಾಗಿ ಆರಿಸಿದ, ಸರಿಯಾದ ಪ್ರಮಾಣದಲ್ಲಿ ಕೊಟ್ಟ ಎರಡು ಔಷಧಿಗಳಿಗೂ ಫಿಟ್ಸ್ ನಿಲ್ಲದಿದ್ದರೆ ಆಯಿತು. ಬರೀ ಎರಡಕ್ಕೇ ಯಾಕೆ ಕೈಚೆಲ್ಲಬೇಕು ಅಂತ ಕೇಳಬಹುದು. ಗ್ಲಾಸ್ಗೋದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ ಔಷಧಿಯನ್ನೇ ತೆಗೆದುಕೊಳ್ಳದ 470 ಜನರಲ್ಲಿ ಮೊದಲ ಔಷಧಿಗೇ ಫಿಟ್ಸ್ ನಿಂತದ್ದು 47% ಮಂದಿಗೆ. ಎರಡನೆಯದರಿಂದ ಇನ್ನೊಂದು 13%. ಮೂರನೆಯದರಿಂದ ಬರೀ 1%. ಆಮೇಲೆ ಎಷ್ಟೋ ಹೊಸ ಮಾತ್ರೆಗಳು ಬಂದವು. 2018ರಲ್ಲಿ ಅದೇ ಗ್ಲಾಸ್ಗೋದ 30 ವರ್ಷಗಳ ಲೆಕ್ಕ ಹೊರಬಂದಾಗಲೂ ಒಟ್ಟು ಚಿತ್ರ ಹೆಚ್ಚೇನೂ ಬದಲಾಗಿರಲಿಲ್ಲ. ಸುಮಾರು ಮೂರನೇ ಒಂದು ಭಾಗ ಜನರಿಗೆ ಫಿಟ್ಸ್ ನಿಲ್ಲುವುದೇ ಇಲ್ಲ.

ಇವನ ಎರಡನೇ ಔಷಧಿ ಸೋತದ್ದು 12ನೇ ವಯಸ್ಸಿನಲ್ಲಿ. ಶಸ್ತ್ರಚಿಕಿತ್ಸೆ ಸಾಧ್ಯವೇ ಅಂತ ನೋಡುವ ತಂಡದ ಹತ್ತಿರ ಹೋದದ್ದು 24ಕ್ಕೆ. ನಡುವೆ 12 ವರ್ಷ. ಇದು ಅಪರೂಪವೂ ಅಲ್ಲ, ಎಷ್ಟೋ ಜನ ಇಪ್ಪತ್ತು ವರ್ಷ ಕಳೆದ ಮೇಲೆ ಹೋಗುತ್ತಾರೆ. ಇನ್ನೊಂದು ಮಾತ್ರೆ ನೋಡೋಣ ಅನ್ನುವುದು ಬರೆಯುವವರಿಗೂ ಸುಲಭ, ನುಂಗುವವರಿಗೂ ಸುಲಭ. ಮಿದುಳಿನ ಆಪರೇಷನ್ ಅನ್ನುವ ಮಾತೇ ಭಯ ಹುಟ್ಟಿಸುತ್ತದೆ. ಆದರೆ ಸುಮ್ನೆ ಕಾಯುವುದರಲ್ಲೂ ಅಪಾಯ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಅಪಸ್ಮಾರ ಇರುವ ವಯಸ್ಕರಲ್ಲಿ ವರ್ಷಕ್ಕೆ ಸಾವಿರಕ್ಕೆ ಒಬ್ಬರಂತೆ ಬೇರೆ ಯಾವ ಕಾರಣವೂ ಸಿಗದೆ ಇದ್ದಕ್ಕಿದ್ದಂತೆ ಸಾಯುತ್ತಾರೆ. ಮೈಯೆಲ್ಲ ಸೆಟೆಯುವ ದೊಡ್ಡ ಫಿಟ್ಸ್ ಹತೋಟಿಗೆ ಬರದವರಲ್ಲಿ, ಅದರಲ್ಲೂ ರಾತ್ರಿ ಬರುವವರಲ್ಲಿ, ಈ ಅಪಾಯ ಇನ್ನೂ ಜಾಸ್ತಿ.

ಎರಡು ಸ್ಕ್ಯಾನ್, ಎರಡು ಥರದ ದಾರಿ ತಪ್ಪು

11ನೇ ವಯಸ್ಸಿನಲ್ಲಿ ಮಾಡಿದ ಮೊದಲ ಎಂಆರ್‌ಐ ವರದಿಯಲ್ಲಿ ಒಂದೇ ಪದ: ನಾರ್ಮಲ್.

17ರಲ್ಲಿ ಮಾಡಿದ ಎರಡನೆಯದರಲ್ಲಿ ಒಂದು ಸಾಲು ಇತ್ತು. ಎಡ ಕಿವಿಯ ಹತ್ತಿರದ ಟೆಂಪೊರಲ್ ಭಾಗದ ತುದಿಯಲ್ಲಿ ಚಿಕ್ಕ ಅರಕ್ನಾಯ್ಡ್ ಸಿಸ್ಟ್, ಉಳಿದಂತೆ ನಾರ್ಮಲ್. ಅರಕ್ನಾಯ್ಡ್ ಸಿಸ್ಟ್ ಅಂದರೆ ಮಿದುಳಿನ ಹೊದಿಕೆಯಲ್ಲಿ ನೀರು ತುಂಬಿದ ಒಂದು ಗುಳ್ಳೆ. ಅದಕ್ಕೆ ಅತಿ ಇಷ್ಟದ ಜಾಗವೇ ಅದು. ಫಿಟ್ಸ್ ಇಲ್ಲದ ಎಷ್ಟೋ ಜನರಲ್ಲೂ ಸಿಗುತ್ತದೆ. ಹೆಚ್ಚಿನವರಲ್ಲಿ ಜೀವನಪೂರ್ತಿ ತಣ್ಣಗೆ ಕೂತಿರುತ್ತದೆ.

ಆದರೆ ಮನೆಯವರ ಮಟ್ಟಿಗೆ ಕೊನೆಗೂ ಕಳ್ಳ ಸಿಕ್ಕಿದ್ದ. ಅವರು ಎರಡು ವರ್ಷ ಆ ಗುಳ್ಳೆಯನ್ನು ತೆಗೆಸಬೇಕೋ ಬೇಡವೋ ಅಂತ ಒಬ್ಬರಾದ ಮೇಲೆ ಒಬ್ಬರನ್ನು ಕೇಳುತ್ತಾ ಅಲೆದರು. ಗುಳ್ಳೆ ಇರುವುದು ಎಡಕ್ಕೆ, ಫಿಟ್ಸ್ ಶುರುವಾಗುವುದು ಎಡಗೈಯಲ್ಲಿ, ಅಂದರೆ ಬಲ ಮಿದುಳಿನಲ್ಲಿ. ಎರಡಕ್ಕೂ ತಾಳೆಯೇ ಇಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಸ್ಕ್ಯಾನ್ ಓದಿದವರು ಫಿಟ್ಸ್ ನೋಡಿರಲಿಲ್ಲ, ಫಿಟ್ಸ್‌ನ ಕಥೆ ಕೇಳಿದವರು ಬರೀ ವರದಿ ಓದಿದ್ದರು.

ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಕಾಡುವುದು ಈ ಭಾಗವೇ. ಚಿತ್ರದಲ್ಲಿ ಏನೂ ಕಾಣದಿದ್ದರೆ ಮೋಸ ಹೋಗುತ್ತೇವೆ. ಏನೋ ಕಂಡರೂ ಮೋಸ ಹೋಗುತ್ತೇವೆ. ಎರಡನೆಯದು ಜಾಸ್ತಿ ಅಪಾಯ, ಯಾಕೆಂದರೆ ಅದು ಕತ್ತರಿಯನ್ನು ತಪ್ಪು ಜಾಗಕ್ಕೆ ಕರೆದೊಯ್ಯಬಲ್ಲದು.

ಹೊಸ ತಂಡ ಮೊದಲು ಮಾಡಿದ್ದು ಸ್ಕ್ಯಾನ್ ಅಲ್ಲ

ಅವನನ್ನು ಐದು ದಿನ ವಿಡಿಯೊ ಇಇಜಿಗೆ ಮಲಗಿಸಿದರು. ತಲೆಗೆ ತಂತಿ, ಎದುರಿಗೆ ಕ್ಯಾಮೆರಾ, ಮಾತ್ರೆಗಳನ್ನು ಮೆಲ್ಲಗೆ ಇಳಿಸುವುದು. ಫಿಟ್ಸ್ ಬರಲಿ ಅಂತ ಕಾಯುವ ಆಸ್ಪತ್ರೆಯ ಜಾಗ ಇದೊಂದೇ ಇರಬೇಕು. 11 ಸಲ ಬಂತು. ಪ್ರತಿ ಸಲವೂ ನರ್ಸ್ ಓಡಿಬಂದು ಒಂದು ಪದ ಹೇಳುತ್ತಿದ್ದರು, ಮುಗಿದ ಮೇಲೆ ಅದೇನೆಂದು ಕೇಳುತ್ತಿದ್ದರು. ಅವನು ಪ್ರತಿ ಸಲವೂ ಸರಿಯಾಗಿ ಹೇಳಿದ. ಎಚ್ಚರ ಇತ್ತು ಅನ್ನುವುದಕ್ಕೆ ಸಾಕ್ಷಿ ಸಿಕ್ಕಿತು.

ಇಇಜಿ ಮಾತ್ರ ಪೂರ್ತಿ ಕೈಹಿಡಿಯಲಿಲ್ಲ. ಫಿಟ್ಸ್ ಬಂದಾಗ ತಲೆಯ ಸ್ನಾಯುಗಳೇ ಬಿಗಿದು ಗೀರು ಗೀರಾಗಿ ಎಲ್ಲವನ್ನೂ ಮುಚ್ಚಿಬಿಡುತ್ತಿದ್ದವು. ಹುಡುಕುವ ಜಾಗ ಬೇರೆ ಒಳಮೈಯಲ್ಲಿ ಆಳದಲ್ಲಿದೆ, ನೆತ್ತಿಯ ಮೇಲಿನ ತಂತಿಗೆ ಅಲ್ಲಿಯ ಮಾತು ಕೇಳಿಸುವುದು ಕಷ್ಟ. ಫಿಟ್ಸ್ ಇಲ್ಲದ ಹೊತ್ತಿನಲ್ಲಿ ನೆತ್ತಿಯ ನಡುವೆ, ತುಸು ಬಲಕ್ಕೆ, ಚೂಪಾದ ಅಲೆಗಳು ಕಂಡವು. ಹಳೆಯ ಇಇಜಿಗಳಲ್ಲೂ ಅವು ಇದ್ದವು. ನಿದ್ದೆಯಲ್ಲಿ ಎಲ್ಲರಿಗೂ ನೆತ್ತಿಯ ನಡುವೆ ಅದೇ ಥರದ ಚೂಪು ಅಲೆ ಬರುತ್ತದೆ, ಅದು ಸಹಜ. ಇವನ ಅಲೆಗಳನ್ನೂ ಆ ಗುಂಪಿಗೇ ಸೇರಿಸಿ ಬಿಟ್ಟಿದ್ದರು. ವ್ಯತ್ಯಾಸ ಏನೆಂದರೆ ಇವನ ಅಲೆಗಳು ಒಂದೇ ಬದಿಗೆ ವಾಲುತ್ತಿದ್ದವು, ಸಾಲು ಸಾಲಾಗಿ ಬರುತ್ತಿದ್ದವು, ಎಚ್ಚರ ಇರುವಾಗಲೂ ಆಗಾಗ ಇಣುಕುತ್ತಿದ್ದವು.

ಈಗ ತಂಡದ ಕೈಯಲ್ಲಿ ಒಂದು ಪ್ರಶ್ನೆ ಇತ್ತು. ಆಮೇಲೆ ಎಂಆರ್‌ಐ.

ಅದೇ ಯಂತ್ರ, ಬೇರೆ ಪ್ರಶ್ನೆ

ಸಾಮಾನ್ಯ ಎಂಆರ್‌ಐಗೂ ಅಪಸ್ಮಾರಕ್ಕೆಂದೇ ಮಾಡುವ ಎಂಆರ್‌ಐಗೂ ಏನು ವ್ಯತ್ಯಾಸ? ಕೆಲವೊಮ್ಮೆ ಯಂತ್ರ ಕೂಡ ಅದೇ ಇರುತ್ತದೆ. ಸಾಮಾನ್ಯ ಸ್ಕ್ಯಾನಿನಲ್ಲಿ ಮಿದುಳನ್ನು 5 ಮಿಲಿಮೀಟರ್ ದಪ್ಪದ ಹೋಳುಗಳಾಗಿ ನೋಡುತ್ತಾರೆ, ಹೋಳುಗಳ ನಡುವೆ ಸಣ್ಣ ಅಂತರವನ್ನೂ ಬಿಡುತ್ತಾರೆ. ಗೆಡ್ಡೆ, ರಕ್ತಸ್ರಾವ, ಸ್ಟ್ರೋಕ್ ಹುಡುಕಲು ಇದು ಸಾಕು. ಆದರೆ ಮಿದುಳಿನ ಹೊರಪದರದ ದಪ್ಪವೇ ಹೆಚ್ಚಿನ ಕಡೆ 2ರಿಂದ 4 ಮಿಲಿಮೀಟರ್. ಅದರಲ್ಲಿ ಒಂದು ಮಡಿಕೆಯ ತಳದಲ್ಲಿ ಮಾತ್ರ ಏನೋ ಎಡವಟ್ಟಾಗಿದ್ದರೆ 5 ಮಿಲಿಮೀಟರ್ ಹೋಳಿನಲ್ಲಿ ಅದು ಅಕ್ಕಪಕ್ಕದ ಜೊತೆ ಬೆರೆತು ಮಾಯ ಆಗುತ್ತದೆ. ಎರಡು ಹೋಳುಗಳ ನಡುವಿನ ಅಂತರದಲ್ಲಿ ಬಿದ್ದರೆ ಕೇಳುವುದೇ ಬೇಡ.

2019ರಲ್ಲಿ ಅಂತರರಾಷ್ಟ್ರೀಯ ಸಂಘ ಹಾರ್ನೆಸ್ ಅನ್ನುವ ಹೆಸರಿನಲ್ಲಿ ಒಂದು ಶಿಫಾರಸು ಮಾಡಿತು. ಅದರಲ್ಲಿರುವುದು ಮೂರೇ ಮುಖ್ಯ ಸ್ಕ್ಯಾನ್. ಟಿ1, ಫ್ಲೇರ್, ಟಿ2 ಅಂದರೆ ಅದೇ ಯಂತ್ರ ಬೇರೆ ಬೇರೆ ಬಗೆಯಲ್ಲಿ ತೆಗೆಯುವ ಚಿತ್ರಗಳು. 1 ಮಿಲಿಮೀಟರಿನ ಘನಗಳಾಗಿ, ಅಂತರ ಬಿಡದೆ, ಮೂರು ಆಯಾಮದ ಟಿ1. ಅದೇ ರೀತಿಯ ಮೂರು ಆಯಾಮದ ಫ್ಲೇರ್. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ಗೆ ಅಡ್ಡಲಾಗಿ ತೆಗೆದ ಸೂಕ್ಷ್ಮ ಟಿ2. ಯಾವ ದಿಕ್ಕಿನಿಂದ ಬೇಕಾದರೂ ಹೊರಳಿಸಿ ನೋಡಬಹುದು. 3 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ 1.5ರಲ್ಲೂ ಮಾಡಬಹುದು.

ಯಂತ್ರದಷ್ಟೇ ಮುಖ್ಯ ಓದುವ ಕಣ್ಣು. ಜರ್ಮನಿಯ ಬಾನ್‌ನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂಕಿ ನೋಡಿ. ಸಾಮಾನ್ಯ ಎಂಆರ್‌ಐಯನ್ನು ಅಪಸ್ಮಾರದಲ್ಲಿ ಪಳಗದವರು ಓದಿದಾಗ ದೋಷದ ಜಾಗ ಸಿಕ್ಕಿದ್ದು 39% ಮಂದಿಯಲ್ಲಿ. ಅದೇ ಸ್ಕ್ಯಾನನ್ನು ಪಳಗಿದವರು ಓದಿದಾಗ 50%. ಅಪಸ್ಮಾರಕ್ಕೆಂದೇ ಮಾಡಿದ ಸ್ಕ್ಯಾನನ್ನು ಪಳಗಿದವರು ಓದಿದಾಗ 91%. ಹಾಗಾದರೆ ನಾರ್ಮಲ್ ಅನ್ನುವ ಪದಕ್ಕೆ ಅರ್ಥ ಬರುವುದು ಯಾರು, ಯಾವ ಸ್ಕ್ಯಾನಿನಲ್ಲಿ, ಏನನ್ನು ಹುಡುಕಿದರು ಅನ್ನುವುದನ್ನು ಕೇಳಿದ ಮೇಲೆ ಅಲ್ವಾ?

ಇವನ ಮೂರನೇ ಎಂಆರ್‌ಐ ಹಾರ್ನೆಸ್ ಪ್ರಕಾರವೇ ಆಯಿತು. ಆದರೂ ಮೊದಲ ಓದಿನಲ್ಲಿ ಏನೂ ಸಿಗಲಿಲ್ಲ. ಕಥೆ ಇಲ್ಲಿ ಸಲೀಸಾಗಿ ಮುಗಿಯುತ್ತದೆ ಅಂದುಕೊಂಡಿದ್ದರೆ ಇಲ್ಲ.

ಪೆಟ್ ಸ್ಕ್ಯಾನ್ ತೋರಿಸಿದ ನೆರಳು

ಮುಂದಿನದು ಪೆಟ್. ವಿಕಿರಣದ ಗುರುತು ಹಚ್ಚಿದ ಗ್ಲೂಕೋಸನ್ನು ರಕ್ತನಾಳಕ್ಕೆ ಕೊಟ್ಟು, ಕತ್ತಲೆಯ ಕೋಣೆಯಲ್ಲಿ ಅರ್ಧ ಗಂಟೆಗೂ ಹೆಚ್ಚು ಸುಮ್ಮನೆ ಮಲಗಿಸುತ್ತಾರೆ. ಮಿದುಳಿನ ಯಾವ ಭಾಗ ಎಷ್ಟು ಸಕ್ಕರೆ ಉಂಡಿತು ಅನ್ನುವುದರ ಚಿತ್ರ ಸಿಗುತ್ತದೆ. ಫಿಟ್ಸ್ ಹುಟ್ಟುವ ಜಾಗ, ಫಿಟ್ಸ್ ಇಲ್ಲದ ಹೊತ್ತಿನಲ್ಲಿ, ಕಡಿಮೆ ಸಕ್ಕರೆ ಉಣ್ಣುತ್ತದೆ. ಕೇಳಲು ವಿಚಿತ್ರ, ಅಷ್ಟು ಗಲಾಟೆ ಮಾಡುವ ಜಾಗ ಉಳಿದ ಹೊತ್ತಿನಲ್ಲಿ ಮಂಕಾಗಿ ಕೂತಿರುತ್ತದೆ. ಆ ಅರ್ಧ ಗಂಟೆಯಲ್ಲಿ ಫಿಟ್ಸ್ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ, ಆಗ ಅದೇ ಜಾಗ ಹೊಳೆಯಬಹುದು. ಅದಕ್ಕೇ ಜೊತೆಗೆ ಇಇಜಿಯನ್ನೂ ಇಟ್ಟಿರುತ್ತಾರೆ.

ಬಲ ಮುಂಭಾಗದ ಮೇಲಂಚಿನಲ್ಲಿ ಒಂದು ಮಂಕು ತೇಪೆ ಕಂಡಿತು. ಎಡ ಟೆಂಪೊರಲ್ ಭಾಗ, ಅಂದರೆ ಗುಳ್ಳೆಯ ಪಕ್ಕದ ಮಿದುಳು, ಆರಾಮಾಗಿ ಸಕ್ಕರೆ ಉಣ್ಣುತ್ತಿತ್ತು.

ಫಿಟ್ಸ್ ಬರುತ್ತಿರುವಾಗಲೇ ರಕ್ತದ ಹರಿವನ್ನು ಹಿಡಿಯುವ ಸ್ಪೆಕ್ಟ್ ಪರೀಕ್ಷೆಯನ್ನೂ ಯೋಚಿಸಿದ್ದರು, ಕೈಬಿಟ್ಟರು. ಅದರಲ್ಲಿ ಫಿಟ್ಸ್ ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಇಂಜೆಕ್ಷನ್ ಕೊಡಬೇಕು, ಅದು ಮಿದುಳಿಗೆ ಮುಟ್ಟಲು ಇನ್ನೊಂದಿಷ್ಟು ಸೆಕೆಂಡು ಬೇಕು. ಇವನ ಫಿಟ್ಸ್ 25 ಸೆಕೆಂಡಿನದ್ದು, ಅದೂ ರಾತ್ರಿ ಮೂರಕ್ಕೆ. ಔಷಧಿ ತಲುಪುವ ಹೊತ್ತಿಗೆ ಅವನು ಎದ್ದು ನೀರು ಕೇಳುತ್ತಿರುತ್ತಾನೆ.

ಪೆಟ್ ಚಿತ್ರವನ್ನು ಎಂಆರ್‌ಐ ಮೇಲೆ ಹಾಸಿದರು. ಮಂಕು ತೇಪೆ ಬಿದ್ದ ಜಾಗವನ್ನು ರೇಡಿಯಾಲಜಿಸ್ಟ್ ಮತ್ತೆ ಮಿಲಿಮೀಟರ್ ಮಿಲಿಮೀಟರಾಗಿ ನೋಡಿದರು. ಆಗ ಸಿಕ್ಕಿತು. ಒಂದು ಮಡಿಕೆಯ ತಳದಲ್ಲಿ ಹೊರಪದರ ಪಕ್ಕದ್ದಕ್ಕಿಂತ ಚೂರು ದಪ್ಪ. ಬೂದು ಭಾಗಕ್ಕೂ ಬಿಳಿ ಭಾಗಕ್ಕೂ ನಡುವಿನ ಗೆರೆ ಬೇರೆ ಎಲ್ಲ ಕಡೆ ಚೂಪಾಗಿದ್ದರೆ, ಅಲ್ಲಿ ಮಾತ್ರ ಮಸಿ ಒರೆಸಿದ ಹಾಗೆ ಮಸುಕು. ಫ್ಲೇರ್‌ನಲ್ಲಿ ಆ ತಳದಿಂದ ಒಂದು ತೆಳು ಬಿಳಿ ಎಳೆ ಒಳಗಿನ ನೀರಿನ ಕೋಣೆಯ ಕಡೆಗೆ ಇಳಿದಿತ್ತು. ಟ್ರಾನ್ಸ್‌ಮ್ಯಾಂಟಲ್ ಸೈನ್ ಅನ್ನುತ್ತಾರೆ ಇದಕ್ಕೆ. ತಾಯಿಯ ಹೊಟ್ಟೆಯಲ್ಲಿ ಮಿದುಳು ಬೆಳೆಯುವಾಗ ನರಕೋಶಗಳು ಆ ಕೋಣೆಯ ಅಂಚಿನಲ್ಲಿ ಹುಟ್ಟಿ ಹೊರಗೆ ನಡೆದು ಹೋಗುತ್ತವೆ. ಆ ನಡಿಗೆಯಲ್ಲಿ ಆದ ತಪ್ಪಿನ ಜಾಡು ಅದು. ಇಡೀ ದೋಷದ ಅಗಲ ಹೆಚ್ಚೆಂದರೆ ಒಂದು ಸೆಂಟಿಮೀಟರ್.

ಹೆಸರು ಫೋಕಲ್ ಕಾರ್ಟಿಕಲ್ ಡಿಸ್‌ಪ್ಲೇಸಿಯಾ, ಅಂದರೆ ಹೊರಪದರದ ಒಂದು ಜಾಗ ಸರಿಯಾಗಿ ರೂಪುಗೊಳ್ಳದೇ ಇರುವುದು. 1971ರಲ್ಲಿ ಮೊದಲ ಸಲ ವಿವರವಾಗಿ ದಾಖಲಾಯಿತು. ಈಗ ಇದನ್ನು ಹುಡುಕಲು ಕಂಪ್ಯೂಟರಿಗೂ ಕಲಿಸುತ್ತಿದ್ದಾರೆ. ಲಂಡನ್ನಿನಿಂದ ನಡೆಯುವ ಮೆಲ್ಡ್ ಅನ್ನುವ ಯೋಜನೆ ಹಲವು ದೇಶಗಳ ಆಸ್ಪತ್ರೆಗಳ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ ಇಂಥದ್ದೊಂದು ಸಾಫ್ಟ್‌ವೇರ್ ಕಟ್ಟಿದೆ. ಅದು ತೋರಿಸುವ ಜಾಗಗಳಲ್ಲಿ ಸುಳ್ಳು ಗುರುತುಗಳೂ ಇರುತ್ತವೆ, ಆಯ್ಕೆ ಮಾಡಲು ಕೊನೆಗೆ ಬೇಕಾಗುವುದು ಮತ್ತೆ ಅದೇ ಫಿಟ್ಸ್‌ನ ಕಥೆ.

ಒಳಗೆ ತಂತಿ ಇಳಿಸಬೇಕಾ?

ಇಲ್ಲಿ ತಂಡದಲ್ಲಿ ಎರಡು ಅಭಿಪ್ರಾಯ ಬಂತು. ದೋಷ ಸಿಕ್ಕಿದೆ, ಫಿಟ್ಸ್‌ಗೂ ತಾಳೆಯಾಗುತ್ತದೆ, ಪೆಟ್ ಕೂಡ ಹೌದೆನ್ನುತ್ತಿದೆ, ನೇರ ತೆಗೆಯೋಣ ಅಂದರು ಕೆಲವರು. ಉಳಿದವರಿಗೆ ಎರಡು ಅಳುಕು ಇತ್ತು. ಪೆಟ್ ತೇಪೆ ಎಂಆರ್‌ಐ ದೋಷಕ್ಕಿಂತ ದೊಡ್ಡದಿತ್ತು. ಸಾಮಾನ್ಯವಾಗಿ ಹಾಗೇ ಇರುತ್ತದೆ, ಆದರೆ ಎಲ್ಲಿಯವರೆಗೆ ತೆಗೆಯಬೇಕು? ಇನ್ನೊಂದು, ಬೆರಳು ಆಡಿಸುವಾಗ ಮಾಡಿದ ಫಂಕ್ಷನಲ್ ಎಂಆರ್‌ಐನಲ್ಲಿ ಎಡಗೈಯ ಜಾಗ ದೋಷದಿಂದ ಬರೀ ಒಂದೂವರೆ ಸೆಂಟಿಮೀಟರ್ ಹಿಂದಿತ್ತು. ಫಂಕ್ಷನಲ್ ಎಂಆರ್‌ಐ ಅಳೆಯುವುದು ರಕ್ತದಲ್ಲಿನ ಆಮ್ಲಜನಕದ ಬದಲಾವಣೆಯನ್ನು, ನರದ ಕಿಡಿಯನ್ನಲ್ಲ. ಆ ಬಣ್ಣದ ಅಂಚನ್ನೇ ಕತ್ತರಿಯ ಗೆರೆ ಅಂದುಕೊಳ್ಳುವುದು ದಡ್ಡತನ.

ಅವನದು ಚಿಕ್ಕ ಚಿಕ್ಕ ಬಿಡಿಭಾಗ ಜೋಡಿಸುವ ಎಲೆಕ್ಟ್ರಾನಿಕ್ ರಿಪೇರಿ ಕೆಲಸ. ಎರಡೂ ಕೈ ಬೇಕು. ಅವನು ಕೇಳಿದ್ದೂ ಅದನ್ನೇ. ಫಿಟ್ಸ್ ನಿಲ್ಲುತ್ತದಾ ಅನ್ನುವುದಕ್ಕಿಂತ ಮೊದಲು, ನನ್ನ ಎಡಗೈ ಉಳಿಯುತ್ತದಾ ಅಂತ.

ಒಳಗೆ ತಂತಿ ಇಳಿಸಿ ನೋಡುವುದು ಅಂತ ಆಯಿತು. ಈ ವಿದ್ಯೆ 1950ರ ದಶಕದಲ್ಲಿ ಪ್ಯಾರಿಸಿನಲ್ಲಿ ತಲೈರಾಕ್ ಮತ್ತು ಬಾಂಕೊ ಅನ್ನುವ ಇಬ್ಬರು ಶುರುಮಾಡಿದ್ದು. ತಲೆಬುರುಡೆಯನ್ನು ತೆರೆಯುವುದಿಲ್ಲ. ಕೆಲವೇ ಮಿಲಿಮೀಟರಿನ ತೂತುಗಳ ಮೂಲಕ, ರಕ್ತನಾಳಗಳ ನಕ್ಷೆ ನೋಡಿಕೊಂಡು, ಸುಮಾರು ಒಂದು ಮಿಲಿಮೀಟರ್ ದಪ್ಪದ ತಂತಿಗಳನ್ನು ಆಳಕ್ಕೆ ಇಳಿಸುತ್ತಾರೆ. ಒಳಗೆ ರಕ್ತ ಸೋರುವ ಅಪಾಯ ಸುಮಾರು ನೂರಕ್ಕೆ ಒಬ್ಬರಿಗೆ. ಇವನಿಗೆ ಹತ್ತು ತಂತಿ.

ಮಡಿಕೆಯ ತಳ ಮುಟ್ಟಿದ ತಂತಿಯ ತುದಿಯಲ್ಲಿ ಫಿಟ್ಸ್ ಇಲ್ಲದಾಗಲೂ ಚೂಪು ಅಲೆಗಳು ನಿಲ್ಲದೆ ಟಕ್ ಟಕ್ ಅಂತ ಬರುತ್ತಲೇ ಇದ್ದವು. ಈ ಬಗೆಯ ಡಿಸ್‌ಪ್ಲೇಸಿಯಾದ ರುಜು ಅದು. ಮೂರು ರಾತ್ರಿಯಲ್ಲಿ ಎಂಟು ಫಿಟ್ಸ್ ಬಂದವು, ಎಂಟೂ ಅಲ್ಲಿಂದಲೇ ಹೊರಟವು. ಸಪ್ಲಿಮೆಂಟರಿ ಮೋಟಾರ್ ಏರಿಯಾಗೆ ಕಿಡಿ ಹಾರುತ್ತಿದ್ದದ್ದು ಒಂದೆರಡು ಸೆಕೆಂಡು ಕಳೆದ ಮೇಲೆ. ಅಂದರೆ ಕೈ ಸೆಟೆಯುವುದನ್ನು ನೋಡಿ ನಾವು ಗುರುತಿಸಿದ್ದು ಬೆಂಕಿ ಹಬ್ಬಿದ ಜಾಗ. ಹೊತ್ತಿದ್ದು ಪಕ್ಕದ ಮಡಿಕೆಯಲ್ಲಿ. ಆ ತುದಿಗೆ ಸಣ್ಣದಾಗಿ ಕರೆಂಟ್ ಕೊಟ್ಟಾಗ ಅವನು ಥಟ್ಟನೆ, 'ಇದೇ, ಎಡಗೈ ಭಾರ, ಈಗ ಬರುತ್ತೆ' ಅಂದ. ಪೆಟ್ ತೇಪೆಯ ಹೊರ ಅಂಚಿನಲ್ಲಿದ್ದ ತಂತಿಗಳು ತಣ್ಣಗಿದ್ದವು. ಅಷ್ಟು ದೂರ ತೆಗೆಯಬೇಕಿಲ್ಲ.

ಆಪರೇಷನ್

ಎರಡು ತಿಂಗಳಾದ ಮೇಲೆ ಮಾಡಿದರು. ಮೊದಲೇ ಹೇಳಿದ್ದರು: ಎಡ ಮೈ ಕೆಲವು ದಿನ ಬಿದ್ದುಹೋಗುತ್ತದೆ, ಅದು ಬಹುತೇಕ ಖಚಿತ. ಮರಳಿ ಬರುತ್ತದೆ. ಪೂರ್ತಿ ಬಾರದೆ ಇರುವ ಸಾಧ್ಯತೆ ಚಿಕ್ಕದು, ಆದರೆ ಸೊನ್ನೆ ಅಲ್ಲ.

ಸರ್ಜನ್‌ಗೆ ಜಾಗ ತೋರಿಸುವ ನ್ಯಾವಿಗೇಷನ್ ಪರದೆಯ ಮೇಲೆ ಎಂಆರ್‌ಐ, ಪೆಟ್, ತಂತಿಗಳ ಜಾಗ ಎಲ್ಲ ಒಂದರ ಮೇಲೊಂದು ಇದ್ದವು. ಆದರೆ ಹೊದಿಕೆ ಕತ್ತರಿಸಿದ ಕೂಡಲೇ ನೀರು ಸೋರಿ ಮಿದುಳು ಕೆಲವು ಮಿಲಿಮೀಟರ್ ಕುಸಿಯುತ್ತದೆ. ಪರದೆಯ ನಕ್ಷೆ ಮಾತ್ರ ಹಳೆಯದೇ. ಒಂದು ಸೆಂಟಿಮೀಟರಿನ ದೋಷ ಹುಡುಕುವಾಗ ಈ ಕೆಲವು ಮಿಲಿಮೀಟರ್ ಕಡಿಮೆಯೇನಲ್ಲ. ಮಡಿಕೆಯ ಮೇಲಿಂದ ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಹೊಳೆಯುವ, ಸಹಜ ಮಿದುಳು. ಅಲ್ಟ್ರಾಸೌಂಡ್ ಇಟ್ಟಾಗ ತಳದ ಭಾಗ ಬೆಳ್ಳಗೆ ಕಂಡಿತು. ಮಡಿಕೆ ಬಿಡಿಸಿ ಇಳಿದರೆ ಅಂಗಾಂಶ ರಬ್ಬರಿನ ಹಾಗೆ ಗಟ್ಟಿ. ಅಪಸ್ಮಾರದ ಸರ್ಜನ್‌ಗಳು ಬೆರಳಿಗೆ ತಗಲುವ ಈ ವ್ಯತ್ಯಾಸವನ್ನು ಬಹಳ ನಂಬುತ್ತಾರೆ. ಹಿಂದಿನ ಅಂಚಿನಲ್ಲಿ ಕೈಯ ನರಗಳಿಗೆ ಆಗಾಗ ಕರೆಂಟ್ ಕೊಟ್ಟು ಪರೀಕ್ಷಿಸುತ್ತಾ, ಉತ್ತರ ಗಟ್ಟಿಯಾಗಿ ಬಂದ ಕಡೆ ನಿಲ್ಲಿಸಿದರು. ತೆಗೆದದ್ದು ದೊಡ್ಡ ನೆಲ್ಲಿಕಾಯಿಯಷ್ಟೂ ಇಲ್ಲ.

ಎಚ್ಚರವಾದಾಗ ಎಡಗೈ ಅಲುಗಲಿಲ್ಲ. ಮಾತೂ ಕಮ್ಮಿ, ಕೇಳಿದ್ದಕ್ಕೆ ಒಂದು ಪದ. ಸಪ್ಲಿಮೆಂಟರಿ ಮೋಟಾರ್ ಏರಿಯಾ ಹತ್ತಿರ ಕೈಹಾಕಿದಾಗ ಹೀಗಾಗುತ್ತದೆ ಅಂತ ಪುಸ್ತಕದಲ್ಲಿ ಓದಿದ್ದರೂ, ಎದುರಿಗೆ ಮಲಗಿರುವವನು ಮಗನಾಗಿದ್ದರೆ ಆ ದಿನಗಳು ಸುಲಭ ಅಲ್ಲ. ನಾಲ್ಕನೇ ದಿನ ಒಂದು ಫಿಟ್ಸ್ ಬೇರೆ ಬಂತು, ಮನೆಯವರ ಮುಖ ಇಳಿಯಿತು. ಮೊದಲ ವಾರದ ಫಿಟ್ಸ್ ಗಾಯದ ಸಿಟ್ಟಿನಿಂದಲೂ ಬರುತ್ತದೆ, ಅದೊಂದನ್ನೇ ನೋಡಿ ಆಪರೇಷನ್ ಸೋತಿತು ಅನ್ನಲಾಗದು ಅಂತ ತಂಡ ಸಮಾಧಾನ ಹೇಳಿತು. ಐದನೇ ದಿನ ಬೆರಳು ಅಲುಗಿತು. ಆರು ವಾರಕ್ಕೆ ಸ್ಕ್ರೂಡ್ರೈವರ್ ಹಿಡಿದ.

ತೆಗೆದ ಅಂಗಾಂಶದ ಪೆಥಾಲಜಿ ವರದಿ: ಡಿಸ್‌ಪ್ಲೇಸಿಯಾ ಟೈಪ್ 2ಬಿ. ಆಕಾರ ಕೆಟ್ಟ ದೊಡ್ಡ ನರಕೋಶಗಳು, ನಡುವೆ ಉಬ್ಬಿಕೊಂಡ ಬಲೂನ್ ಕೋಶಗಳು. ಅಮ್ಮ ಕೇಳಿದಳು, ಬಸುರಿಯಾಗಿದ್ದಾಗ ನಾನು ಏನಾದರೂ ತಪ್ಪು ಮಾಡಿದ್ದೆನಾ ಅಂತ. ಇಲ್ಲ. ಇಂಥ ದೋಷಗಳಲ್ಲಿ ಹೆಚ್ಚಿನವು ಬೆಳೆಯುವ ಮಿದುಳಿನ ಯಾವುದೋ ಒಂದು ಕೋಶದಲ್ಲಿ, ಜೀವಕೋಶದ ಬೆಳವಣಿಗೆಯನ್ನು ನಡೆಸುವ ಎಂಟಾರ್ ಅನ್ನುವ ಜಾಡಿನ ಜೀನಿನಲ್ಲಿ, ಆಕಸ್ಮಿಕವಾಗಿ ಆಗುವ ಬದಲಾವಣೆಗಳು. ಆ ಕೋಶದ ಮಕ್ಕಳು ಮೊಮ್ಮಕ್ಕಳಿಗೆ ಮಾತ್ರ ಅದು ಹೋಗುತ್ತದೆ. ಯಾರೂ ಏನೂ ಮಾಡಿದ್ದರಿಂದ ಆದದ್ದಲ್ಲ.

ಈ ಪ್ರಕರಣ ಚೆನ್ನಾಗಿ ಹೋಯಿತು, ಎಲ್ಲರದ್ದೂ ಹೀಗೆ ಹೋಗುವುದಿಲ್ಲ. ಎಂಆರ್‌ಐನಲ್ಲಿ ದೋಷ ಸಿಕ್ಕಿ ಅದನ್ನು ಪೂರ್ತಿ ತೆಗೆಯಲು ಆದರೆ ಫಿಟ್ಸ್ ನಿಲ್ಲುವ ಸಾಧ್ಯತೆ ಜಾಸ್ತಿ. ಎಷ್ಟು ಹುಡುಕಿದರೂ ಏನೂ ಸಿಗದಿದ್ದರೆ ಸಾಧ್ಯತೆ ಇಳಿಯುತ್ತದೆ. ದೋಷ ಮಾತಿನ ಜಾಗದಲ್ಲೇ ಕೂತಿದ್ದರೆ, ಅಥವಾ ಫಿಟ್ಸ್ ಹಲವು ಕಡೆಯಿಂದ ಹೊರಡುತ್ತಿದ್ದರೆ ಕತ್ತರಿ ಹಾಕುವಂತಿಲ್ಲ. ಅಂಥವರಿಗೆ ಕತ್ತಿನ ವೇಗಸ್ ನರಕ್ಕೆ ಕರೆಂಟ್ ಕೊಡುವ ಉಪಕರಣ, ಕೊಬ್ಬು ಹೆಚ್ಚು, ಪಿಷ್ಟ ಕಡಿಮೆ ಇರುವ ಕೀಟೋಜೆನಿಕ್ ಆಹಾರ ಮುಂತಾದ ದಾರಿಗಳಿವೆ. ಅವು ಅನೇಕರಲ್ಲಿ ಫಿಟ್ಸ್ ಕಡಿಮೆ ಮಾಡುತ್ತವೆ, ಪೂರ್ತಿ ನಿಲ್ಲಿಸುವುದು ಕಮ್ಮಿ. ಶಸ್ತ್ರಚಿಕಿತ್ಸೆ ಮತ್ತು ಮಾತ್ರೆಯನ್ನು ಎದುರುಬದುರು ಇಟ್ಟು ನೋಡಿದ ಅಧ್ಯಯನಗಳು ಮಾತ್ರ ಸ್ಪಷ್ಟವಾಗಿವೆ. 2001ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ, ಟೆಂಪೊರಲ್ ಭಾಗದ ಅಪಸ್ಮಾರ ಇದ್ದ 80 ಜನರಲ್ಲಿ, ಒಂದು ವರ್ಷದ ಕೊನೆಗೆ ಎಚ್ಚರ ಕೆಡಿಸುವ ಫಿಟ್ಸ್ ಇಲ್ಲದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 58%, ಮಾತ್ರೆಯ ಗುಂಪಿನಲ್ಲಿ 8%. 2017ರಲ್ಲಿ ಪ್ರಕಟವಾದ, ದೆಹಲಿಯ ಏಮ್ಸ್‌ನಲ್ಲಿ 116 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಫಿಟ್ಸ್ ಪೂರ್ತಿ ನಿಂತದ್ದು 77% ಮತ್ತು 7% ಮಂದಿಗೆ.

ಹಳೆಯ ಫಿಲ್ಮ್‌ಗಳು

ಮೂರು ತಿಂಗಳಿಗೆ ಮಾಡಿದ ಎಂಆರ್‌ಐನಲ್ಲಿ ದೋಷ ಪೂರ್ತಿ ಹೋಗಿತ್ತು. ಅದೇ ದಿನ ರೇಡಿಯಾಲಜಿಸ್ಟ್ ಹಳೆಯ ಎರಡು ಸ್ಕ್ಯಾನ್‌ಗಳನ್ನೂ ತೆರೆದರು. 11ನೇ ವಯಸ್ಸಿನದರಲ್ಲಿ ಜಾಗ ಗೊತ್ತಿದ್ದು ನೋಡಿದರೂ ಏನೂ ಇಲ್ಲ. ದಪ್ಪ ಹೋಳುಗಳಲ್ಲಿ ದೋಷ ಅಕ್ಕಪಕ್ಕದ ಜೊತೆ ಬೆರೆತು ಮಾಯ ಆಗಿತ್ತು. 17ರದ್ದರಲ್ಲಿ, ಗುಳ್ಳೆ ಸಿಕ್ಕಿದ ಅದೇ ಸ್ಕ್ಯಾನಿನಲ್ಲಿ, ಫ್ಲೇರ್‌ನ ಒಂದೇ ಒಂದು ಹೋಳಿನಲ್ಲಿ ಬಲಗಡೆ ಒಂದು ಮಸುಕು ಬಿಳಿ ಚುಕ್ಕೆ ಇತ್ತು. ಈಗ ನೋಡಿದರೆ ಯಾರಿಗಾದರೂ ಕಾಣುತ್ತದೆ. ಆಗ ಸ್ಕ್ಯಾನ್‌ಗೆ ಕಳಿಸಿದ ಚೀಟಿಯಲ್ಲಿ ಬರೆದಿದ್ದದ್ದು 'ಫಿಟ್ಸ್' ಅಂತ ಒಂದೇ ಪದ. ಎಡಗೈ ಅಂತ ಇರಲಿಲ್ಲ.

ಓದಿದವರನ್ನು ನಾನು ದೂರುವುದಿಲ್ಲ. ನೂರಾರು ಹೋಳುಗಳಲ್ಲಿ ಒಂದು ಮಸುಕು ಚುಕ್ಕೆ, ಎದುರಿಗೆ ಕಣ್ಣು ಸೆಳೆಯುವ ಒಂದು ಗುಳ್ಳೆ. ಚೀಟಿಯಲ್ಲಿ ಇನ್ನೊಂದು ಪದ ಇದ್ದಿದ್ದರೆ ಕಣ್ಣು ಬಲಕ್ಕೆ ಹೋಗುತ್ತಿತ್ತೋ ಏನೋ. ಏಳು ವರ್ಷ.

ಈಗ 26 ತಿಂಗಳಾಯಿತು. ನಾಲ್ಕನೇ ದಿನದ ಫಿಟ್ಸೇ ಕೊನೆಯದು. ಮೂರು ಮಾತ್ರೆ ಒಂದಕ್ಕೆ ಇಳಿದಿದೆ. ಎಡ ಅಂಗೈಯನ್ನು ಬೇಗ ಬೇಗ ಮೇಲೆ ಕೆಳಗೆ ಹೊರಳಿಸಿದರೆ ಬಲಕ್ಕಿಂತ ಕೂದಲೆಳೆಯಷ್ಟು ನಿಧಾನ, ಅದು ಅವನೊಬ್ಬನಿಗೇ ಗೊತ್ತಾಗುತ್ತದೆ. ಗುಳ್ಳೆ ಎಡಗಡೆ ತನ್ನ ಪಾಡಿಗೆ ತಾನಿದೆ. ಕೊನೆಯ ಮಾತ್ರೆಯನ್ನೂ ಬಿಡುವ ಮಾತು ಬಂದಾಗ, ಇನ್ನೊಂದು ವರ್ಷ ಇರಲಿ ಅಂದ. ಅಕ್ಕ ಈಗಲೂ ರಾತ್ರಿ ಮೂರಕ್ಕೆ ಎಚ್ಚರಾಗಿ, ಅವನ ಕೋಣೆಯಿಂದ ಸದ್ದು ಬರುತ್ತಾ ಅಂತ ಕಿವಿಗೊಟ್ಟು, ಮತ್ತೆ ಮಲಗುತ್ತಾಳೆ.